ಲೇಡೀಸ್ ಬೋಗಿಯ ಹುಡುಗ

ಶಿವಕಿರಣನಿಗೆ ಮೀಸೆ ಮೂಡುತ್ತಿರುವುದನ್ನು ಮೊದಲು ಕಂಡವಳು ಅವನ ತಾಯಿ ದಾಕ್ಷಾಯಿಣಿಯಲ್ಲ, ದಿನವೂ ಅದೇ ರೈಲಿನಲ್ಲಿ ಬರುತ್ತಿದ್ದ ಅಮುದಾ. ತಾಂಬರಂನ ಸಿದ್ಧ ಉಡುಪಿನ ಕಂಪನಿಯೊಂದರಲ್ಲಿ ಹೊಲಿಗೆ ಕೆಲಸ ಮಾಡುವ ಅವಳು, ಒಂದು ಬೆಳಿಗ್ಗೆ ಹುಡುಗನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ, ಇಡೀ ಲೇಡೀಸ್ ಬೋಗಿಗೆ ಕೇಳುವಂತೆ ತಮಿಳಿನಲ್ಲಿ ಕೂಗಿದಳು.

“ಅಕ್ಕಾ, ಇಲ್ಲಿ ನೋಡು! ನಮ್ಮ ತಂಬಿ ಮಾಪ್ಪಿಳ್ಳೆ ಆಗಿಬಿಟ್ಟ. ಹೆಣ್ಣು ನೋಡೋಣವಾ?”

“ನಿನ್ನ ಮಗಳನ್ನೇ ಕೊಡು,” ಎಂದಳು ಹೂವಿನ ಬುಟ್ಟಿಯ ಹೆಂಗಸು.

“ಕೊಡ್ತೀನಿ. ಅವಳ ಬಾಯಿಗೆ ಮಾತಾಡದ ಗಂಡನೇ ಸರಿ.”

ಸುತ್ತಲಿದ್ದವರೆಲ್ಲ ನಕ್ಕರು. ದಾಕ್ಷಾಯಿಣಿಯೂ ನಕ್ಕಳು. ನಗುತ್ತಲೇ ಮಗನ ಮುಖ ನೋಡಿದಳು. ಮೇಲ್ತುಟಿಯ ಮೇಲೆ ಮಸಿ ತಾಗಿದ ಹಾಗೆ ತೆಳುವಾದ ನೆರಳು. ದಿನಕ್ಕೆ ಹತ್ತಾರು ಸಲ ಒರೆಸುವ ಮುಖ, ಆದರೂ ಅದು ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಸೆರಗಿನ ತುದಿಯಿಂದ ಒಮ್ಮೆ ಒರೆಸಿಯೂ ನೋಡಿದಳು. ಹೋಗಲಿಲ್ಲ.

ಹುಡುಗ ಅಷ್ಟರಲ್ಲಿ ಅಮುದಾಳ ಸೀರೆಯ ಸೆರಗನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಉಜ್ಜುತ್ತ, ಕಿಟಕಿಯಾಚೆ ಓಡುವ ಕಂಬಿಗಳನ್ನು ನೋಡುತ್ತಿದ್ದ.

ದಾಕ್ಷಾಯಿಣಿ ಹರಿಹರದ ಕಡೆಯವಳು. ಮದುವೆಯಾಗಿ ಚೆನ್ನೈಗೆ ಬಂದು ವೆಸ್ಟ್ ಮಾಂಬಲಂನ ಒಂದು ಸಂದಿಯ ಮಹಡಿ ಮನೆಯಲ್ಲಿ ಸಂಸಾರ ಹೂಡಿದವಳು. ಗಂಡ ವಿಶ್ವಾರಾಧ್ಯ ಪುರಸೈವಾಕ್ಕಂನಲ್ಲಿ ಸಂಬಂಧಿಕರ ಬಟ್ಟೆ ಅಂಗಡಿಯ ಸೀರೆ ವಿಭಾಗ ನೋಡಿಕೊಳ್ಳುತ್ತಾನೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟು ಹೊರಟರೆ, ಅಂಗಡಿಯ ಬಾಗಿಲು ಎಳೆದ ಮೇಲೆಯೇ ಮನೆಗೆ. ಇವರಿಗೆ ಇರುವುದು ಒಬ್ಬನೇ ಮಗ. ಮೂರು ವರ್ಷವಾದರೂ ಹೆಸರು ಕರೆದರೆ ತಿರುಗಿ ನೋಡಲಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಮಗುವಿಗೆ ಗೊಂದಲವಾಗಿರಬೇಕು ಎಂದರು ಕೆಲವರು. ಗೊಂದಲ ಭಾಷೆಯದಲ್ಲ ಎಂದು ಡಾಕ್ಟರು ಹೇಳಿದ ದಿನ, ಗಂಡಹೆಂಡತಿ ಆಸ್ಪತ್ರೆಯ ಎದುರಿನ ಬಸ್ ಸ್ಟಾಪಿನಲ್ಲಿ ಕುಳಿತು ಬಸ್ಸುಗಳನ್ನು ಹೋಗಗೊಟ್ಟರು. ಯಾವುದಕ್ಕೆ ಹತ್ತಬೇಕು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಆಮೇಲೆ ಬಹಳ ಕಾಯ್ದು ಸಿಕ್ಕಿದ್ದು ಪಲ್ಲಾವರಂ ಆಚೆ, ಇಂಥ ಮಕ್ಕಳಿಗೆಂದೇ ಇರುವ ಒಂದು ಸಣ್ಣ ಕೇಂದ್ರ. ಎರಡು ಕೋಣೆ, ಒಂದು ಅಂಗಳ, ಹತ್ತಿಪ್ಪತ್ತು ಮಕ್ಕಳು. ಅಲ್ಲಿ ಶಿವಕಿರಣ ತನ್ನ ಕೈಯಿಂದ ತಾನೇ ಉಣ್ಣುವುದನ್ನು ಕಲಿತ. ಗುಂಡಿ ಹಾಕುವುದನ್ನು ಕಲಿತ. ಹಳೆಯ ಪತ್ರಿಕೆಯಿಂದ ಲಕೋಟೆ ಮಡಿಸುವುದನ್ನು ಕಲಿತ. ಅವನು ಮಡಿಸಿದ ಲಕೋಟೆಯ ಅಂಚು ಸ್ಕೇಲಿಟ್ಟು ಗೆರೆ ಎಳೆದ ಹಾಗಿರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿಗೆ ಹೋಗತೊಡಗಿದ ಮೇಲೆ ಅವನು ಗೋಡೆಗೆ ತಲೆ ಚಚ್ಚಿಕೊಳ್ಳುವುದನ್ನು ಬಿಟ್ಟ. ಬೇಸಿಗೆ ರಜೆ ಬಂತೆಂದರೆ ದಾಕ್ಷಾಯಿಣಿಗೆ ಭಯ. ಮನೆಯಲ್ಲಿ ನಾಲ್ಕು ದಿನ ಕಳೆಯುವಷ್ಟರಲ್ಲಿ ಅವನು ಮತ್ತೆ ತನ್ನ ಮಣಿಕಟ್ಟು ಕಚ್ಚಿಕೊಳ್ಳತೊಡಗುತ್ತಿದ್ದ. ಅಲ್ಲಿನ ಗಾಯ ಕೇಂದ್ರ ತೆರೆದ ಮೇಲೆ ಒಣಗುತ್ತಿತ್ತು.

ಕೇಂದ್ರದಲ್ಲಿ ಕಲಿಸುವ ಜ್ಯೋತಿ ಮಿಸ್ ಚೆನ್ನೈಯಲ್ಲೇ ಹುಟ್ಟಿದ ಕನ್ನಡದ ಹುಡುಗಿ. ದಾಕ್ಷಾಯಿಣಿ ಕನ್ನಡದಲ್ಲಿ ಕೇಳಿದರೆ ಅವಳು ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಉತ್ತರಿಸುವಳು. ಶುರುವಿನಲ್ಲೇ ಅವಳು ಹೇಳಿಕೊಟ್ಟಿದ್ದಳು: “ಆಂಟಿ, ಇವ್ನಿಗೆ ಏನು ಕಲಿಸಿದ್ರೂ ಚಿಕ್ಕ ಚಿಕ್ಕ ಪೀಸ್ ಮಾಡಿ ಕಲಿಸಿ. ಒಂದು ಪೀಸ್ ಕೂತ್ಮೇಲೆ ಇನ್ನೊಂದು. ಜಾಗ, ಟೈಮು, ಮಾತು, ಏನೂ ಚೇಂಜ್ ಮಾಡ್ಬೇಡಿ.”

ದಾಕ್ಷಾಯಿಣಿ ಹಾಗೆಯೇ ಮಾಡಿದಳು. ಮನೆಯ ಮೆಟ್ಟಿಲಿಳಿಯುವುದು ಒಂದು ತುಂಡು. ತರಕಾರಿ ಅಂಗಡಿಗಳ ಸಾಲು ದಾಟುವುದು ಒಂದು ತುಂಡು. ಮಾಂಬಲಂ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿ ಇಳಿಯುವುದಕ್ಕೆ ಒಂದು ಮಳೆಗಾಲ ಹಿಡಿಯಿತು. ಪ್ಲಾಟ್‌ಫಾರಂನಲ್ಲಿ ನೀರಿನ ನಲ್ಲಿಯ ಪಕ್ಕದ ಕಂಬದ ಹತ್ತಿರ ನಿಲ್ಲಬೇಕು. ಲೇಡೀಸ್ ಬೋಗಿಯ ಬಾಗಿಲು ಸರಿಯಾಗಿ ಅಲ್ಲಿಗೇ ಬಂದು ನಿಲ್ಲುತ್ತದೆ. ಬೋಗಿಯ ಮೈಮೇಲೆ ಸೆರಗು ಹೊದ್ದ ಹೆಂಗಸಿನ ಚಿತ್ರವಿರುತ್ತದೆ. ಅದನ್ನು ತೋರಿಸಿ ತೋರಿಸಿ ಕಲಿಸಿದಳು. ಕೊನೆಗೊಂದು ದಿನ ಹುಡುಗ ತಾನೇ ಅವಳ ಕೈ ಬಿಡಿಸಿಕೊಂಡು ಕಂಬದ ಹತ್ತಿರ ಹೋಗಿ ನಿಂತ. ಜ್ಯೋತಿ ಮಿಸ್ ಅದನ್ನು ಬೇರೆ ತಾಯಂದಿರ ಸಭೆಯಲ್ಲಿ ಹೇಳಿ ಚಪ್ಪಾಳೆ ತಟ್ಟಿಸಿದಳು. ದಾಕ್ಷಾಯಿಣಿ ಆವತ್ತು ಮನೆಗೆ ಬಂದು ಹೋಳಿಗೆ ಮಾಡಿದಳು.

ಹೆಂಗಸು ತಾನು ಹತ್ತುವ ಬೋಗಿಯನ್ನೇ ಮಗನಿಗೆ ಕಲಿಸಿದಳು. ಬೇರೆ ಏನು ಕಲಿಸಲು ಸಾಧ್ಯವಿತ್ತು? ಮಾತಾಡುತ್ತಾನೋ ಇಲ್ಲವೋ, ತಾನಾಗಿ ಉಣ್ಣುತ್ತಾನೋ ಇಲ್ಲವೋ ಎಂದು ಹಗಲಿರುಳು ಚಿಂತಿಸುವವಳಿಗೆ, ಇವನು ದೊಡ್ಡವನಾಗುತ್ತಾನೆ ಎಂಬ ಚಿಂತೆ ಬರಲೇ ಇಲ್ಲ.

ಬೋಗಿಯ ಹೆಂಗಸರು ಅವನನ್ನು ಅವನಿಗೆ ನಾಲ್ಕು ವರ್ಷವಾದಾಗಿನಿಂದ ಬಲ್ಲರು. ಅವರ ಕಣ್ಣೆದುರೇ ಅವನು ಮಡಿಲಿನಿಂದ ಸೀಟಿಗೆ, ಸೀಟಿನಿಂದ ಬಾಗಿಲ ಪಕ್ಕದ ಕಂಬಿಗೆ ಬೆಳೆದ. ಬಟ್ಟೆ ಕಂಡರೆ ಬೆರಳಿನ ನಡುವೆ ಉಜ್ಜಿ ನೋಡುವುದು ಅವನಿಗೆ ಚಿಕ್ಕಂದಿನ ಚಟ. ಅಪ್ಪ ಅಂಗಡಿಯಿಂದ ತಂದುಕೊಟ್ಟ ತುಂಡುಗಳನ್ನು ಉಜ್ಜುತ್ತ ಗಂಟೆಗಟ್ಟಲೆ ಸುಮ್ಮನಿರುತ್ತಿದ್ದ. ರೈಲಿನಲ್ಲಿ ಹೆಂಗಸರು ತಾವಾಗಿಯೇ ಸೆರಗು ಕೊಡುತ್ತಿದ್ದರು. “ತಂಬಿ, ಕಾಂಜೀವರಂ ಹೌದೋ ಅಲ್ಲವೋ ಹೇಳಪ್ಪಾ, ಅಂಗಡಿಯವನು ಮೋಸ ಮಾಡಿದ್ದಾನೆ ಅಂತಾರೆ ನಮ್ಮತ್ತೆ,” ಎಂದು ಒಮ್ಮೆ ಒಬ್ಬಳು ಕೇಳಿದಾಗ, ಅವನು ಉಜ್ಜಿ ಬಿಟ್ಟುಬಿಟ್ಟ. “ಮೋಸವೇ!” ಎಂದು ಎಲ್ಲರೂ ನಕ್ಕರು.

ಮೀಸೆಯ ವಿಷಯ ಗೊತ್ತಾದ ದಿನ ದಾಕ್ಷಾಯಿಣಿ ಗಂಡನಿಗೆ ಹೇಳಿದಳು, “ರೀ, ಅವ್ನಿಗೆ ಶೇವಿಂಗ್ ಮಾಡ್ಬೇಕು.”

ವಿಶ್ವಾರಾಧ್ಯ ತಟ್ಟೆಯಿಂದ ತಲೆ ಎತ್ತಿದ. “ಈಗ್ಲೇನಾ? ನಂಗೆ ಕಾಲೇಜ್ ಮುಗಿಯೋ ಹೊತ್ತಿಗೆ ಬಂದಿತ್ತು.”

“ಬಂದೈತೆ. ಊಟ ಆದ್ಮೇಲೆ ನೋಡ್ರಿ.”

ಅವನು ಊಟ ಬಿಟ್ಟು ಎದ್ದುಹೋಗಿ ನೋಡಿದ. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಬಂದು ಕುಳಿತ ಮೇಲೆ, “ನಮ್ಮಪ್ಪನ ಥರಾನೇ ದಟ್ಟ ಬರ್ತೈತೆ,” ಎಂದ. ಆ ಮಾತಿನಲ್ಲಿ ಹೆಮ್ಮೆಯೂ ಇತ್ತು. ಮರುಕ್ಷಣ ಇಬ್ಬರೂ ಸಾರಿನ ಪಾತ್ರೆಯತ್ತ ಕಣ್ಣು ತಿರುಗಿಸಿದರು.

ಅಲ್ಲಿಂದ ದಾಕ್ಷಾಯಿಣಿ ಮಗನನ್ನು ಚಿಕ್ಕವನಾಗಿಯೇ ಇಟ್ಟುಕೊಳ್ಳುವ ಕೆಲಸಕ್ಕೆ ಬಿದ್ದಳು. ಬೆಳಿಗ್ಗೆ ಎದ್ದ ಕೂಡಲೇ ಅವನ ಮುಖ ನುಣ್ಣಗೆ ಮಾಡುವಳು. ಬ್ಲೇಡ್ ಕಂಡು ಅವನು ಕುತ್ತಿಗೆ ಸೆಟೆಸಿದರೆ, ಎಡಗೈಯಲ್ಲಿ ಒಂದು ತುಂಡು ರೇಷ್ಮೆ ಹಿಡಿಸುವಳು. ಬೆಕ್ಕಿನ ಚಿತ್ರವಿರುವ ಟೀಶರ್ಟು, ಮೊಣಕಾಲಿಗೆ ಬರುವ ಚಡ್ಡಿ, ಎಣ್ಣೆ ಹಚ್ಚಿ ಬೈತಲೆ ತೆಗೆದ ಕೂದಲು. ಮಗ ಅವಳಿಗಿಂತ ಗೇಣುದ್ದ ಎತ್ತರ ಬೆಳೆದಿದ್ದ. ಪ್ಲಾಟ್‌ಫಾರಂನಲ್ಲಿ ಜನ ತಿರುಗಿ ನೋಡುತ್ತಿದ್ದರು.

ಜ್ಯೋತಿ ಮಿಸ್ ಒಂದೆರಡು ಸಲ ಹೇಳಿದಳು. “ಆಂಟಿ, ಈ ಡ್ರೆಸ್ ಬೇಡ. ಹದಿನೇಳು ವರ್ಷದ ಹುಡುಗ ಅವ್ನು.”

“ಚಿಕ್ಕೋನಂಗೆ ಕಂಡ್ರೆ ಯಾರೂ ಏನೂ ಅನ್ನಲ್ಲಮ್ಮಾ.”

“ಹಾಗಲ್ಲ ಆಂಟಿ. ದೊಡ್ಡವನು ಚಿಕ್ಕೋನ ಥರ ಡ್ರೆಸ್ ಹಾಕಿದ್ರೆ ಜನಕ್ಕೆ ಇನ್ನೂ ಭಯ. ಮತ್ತೆ... ಲೇಡೀಸ್ ಕಂಪಾರ್ಟ್‌ಮೆಂಟ್ ಬಿಡಿಸೋಕೆ ಸ್ಟಾರ್ಟ್ ಮಾಡ್ಬೇಕು ನಾವು.”

“ಮಾಡಾಣ,” ಎಂದಳು ದಾಕ್ಷಾಯಿಣಿ. ಪರೀಕ್ಷೆ ಮುಂದೆ ಹಾಕುವ ಹುಡುಗಿಯ ದನಿಯಲ್ಲಿ.

ಗಂಡುಮಕ್ಕಳಿಗೆ ಆ ಬೋಗಿಯಲ್ಲಿ ಇಂತಿಷ್ಟು ವಯಸ್ಸಿನ ತನಕ ಮಾತ್ರ ಜಾಗ ಎಂಬುದು ಅವಳಿಗೂ ಗೊತ್ತಿತ್ತು. ಹೊಸಬರು ಯಾರಾದರೂ ಹುಬ್ಬು ಗಂಟಿಕ್ಕಿದರೆ ಅಮುದಾ ಮುಂದೆ ಬಂದು, “ಪಾವಂ, ಪಾಪ, ಮಗು ಅವನು,” ಎನ್ನುತ್ತಿದ್ದಳು. ಅಷ್ಟಕ್ಕೇ ಮುಗಿಯುತ್ತಿತ್ತು. ಅಮುದಾಳ ಆ ಮಾತಿನ ಬಲದ ಮೇಲೆ ತಿಂಗಳುಗಳು ಉರುಳಿದವು.

ಮಳೆ ಬಂದು ರೈಲುಗಳು ತಡವಾದ ಒಂದು ದಿನ ಬೋಗಿ ಕಿಕ್ಕಿರಿದಿತ್ತು. ಅಮುದಾ ಸಿಕ್ಕಿರಲಿಲ್ಲ. ದಾಕ್ಷಾಯಿಣಿಯನ್ನು ಜನ ಒಳಕ್ಕೆ ತಳ್ಳಿದರು, ಹುಡುಗ ಬಾಗಿಲ ಕಂಬಿಯ ಹತ್ತಿರ ಉಳಿದ. ನಡುವೆ ಹತ್ತು ತಲೆ. ಅವನ ಮುಂದೆ ಕಾಲೇಜು ಹುಡುಗಿಯೊಬ್ಬಳು, ಕಿವಿಗೆ ಇಯರ್‌ಫೋನು ಸಿಕ್ಕಿಸಿ, ಅವನಿಗೆ ಬೆನ್ನು ಮಾಡಿ ನಿಂತಿದ್ದಳು. ಭುಜದಿಂದ ಹಿಂದಕ್ಕೆ ಇಳಿಬಿದ್ದ ಅವಳ ದುಪಟ್ಟಾದ ತುದಿ ಗಾಳಿಗೆ ಅವನ ಕೈ ಸವರುತ್ತಿತ್ತು.

ಸೈದಾಪೇಟೆ ದಾಟಿದ ಮೇಲೆ ಒಂದು ಕಿರುಚು ಕೇಳಿತು.

ದಾಕ್ಷಾಯಿಣಿ ಜನರನ್ನು ಸೀಳಿಕೊಂಡು ಬರುವಷ್ಟರಲ್ಲಿ ಹುಡುಗಿ ಬಾಗಿಲ ಮೂಲೆಗೆ ಒರಗಿದ್ದಳು. ದುಪಟ್ಟಾ ಅವನ ಮುಷ್ಟಿಯಲ್ಲಿತ್ತು. ಕಿರುಚಿಗೆ ಹೆದರಿ ಅವನು ಅದನ್ನು ಬಿಡದೆ ಇನ್ನೂ ಗಟ್ಟಿಯಾಗಿ ಹಿಡಿದು, ಮುಂದಕ್ಕೂ ಹಿಂದಕ್ಕೂ ತೂಗುತ್ತ ‘ಊಂ ಊಂ’ ಎನ್ನುತ್ತಿದ್ದ. ಯಾರೋ ಅವನ ತಲೆಯ ಮೇಲೆ ಚೀಲದಿಂದ ಹೊಡೆದಿದ್ದರು.

“ಬಿಡು ಕಿರಣಾ, ಬಿಡು ನಮ್ಮಪ್ಪಾ, ಕೈ ಬಿಡು,” ಎಂದು ದಾಕ್ಷಾಯಿಣಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬಿಡಿಸುತ್ತಲೇ ತಮಿಳಿನಲ್ಲಿ ಹೇಳಿದಳು, “ಇವನಿಗೆ ಗೊತ್ತಾಗೋದಿಲ್ಲಮ್ಮಾ. ಬಟ್ಟೆ ಮಾತ್ರ, ಬೇರೇನೂ ಅಲ್ಲ. ಮಗು ಇವನು.”

“ಮಗುವಾ?” ಎಂದಳು ಹುಡುಗಿ. “ನನ್ನ ಹಿಂದೆ ಅಷ್ಟು ಹೊತ್ತಿಂದ ಉಸಿರು ಬಿಡ್ತಾ ನಿಂತಿದ್ದ. ನಾನು ಯಾರೋ ಹೆಂಗಸು ಅಂದ್ಕೊಂಡಿದ್ದೆ. ತಿರುಗಿದ್ರೆ ಗಂಡಸು!”

“ಗಂಡಸರನ್ನ ಕರ್ಕೊಂಡು ಇಲ್ಲಿ ಯಾಕಮ್ಮಾ ಹತ್ತುತ್ತೀಯ?” ಎಂದಳು ಇನ್ನೊಬ್ಬಳು.

“ಅವರು ದಿನಾ ಬರೋರು, ಆ ಹುಡುಗ ಅಂಥವನಲ್ಲ,” ಎಂದಳು ಹೂವಿನವಳು.

“ನಿನ್ನ ಮಗಳ ಬಟ್ಟೆ ಎಳೆದಿದ್ರೆ ಹೀಗೇ ಅಂತಿದ್ಯಾ?”

ಹೂವಿನವಳು ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಗಿಂಡಿ ಸ್ಟೇಷನ್ನಿನಲ್ಲಿ ರೈಲ್ವೆಯ ಮಹಿಳಾ ಪೊಲೀಸ್ ಮೂವರನ್ನೂ ಇಳಿಸಿಕೊಂಡರು. ಜೋರು ಮಾಡುವ ಹೆಂಗಸಲ್ಲ. ದಾಕ್ಷಾಯಿಣಿ ಪರ್ಸಿನಿಂದ ಮಗನ ಅಂಗವಿಕಲರ ಕಾರ್ಡು ತೆಗೆದು ತೋರಿಸಿದಳು. ಪೊಲೀಸ್ ಅದನ್ನು ನೋಡಿ, ಹುಡುಗನನ್ನು ನೋಡಿ, ಅವನ ಟೀಶರ್ಟಿನ ಬೆಕ್ಕನ್ನು ನೋಡಿ, ಕಾರ್ಡನ್ನು ಹಿಂದಿರುಗಿಸಿದರು.

“ನಿಮ್ಮಂಥವರಿಗೇ ಅಂತ ಬೇರೆ ಬೋಗಿ ಇದೆಯಲ್ಲಮ್ಮಾ, ಆ ತುದಿಯಲ್ಲಿ. ಅದಕ್ಕೆ ಹೋಗಿ. ಈ ಹುಡುಗಿ ಕಂಪ್ಲೇಂಟ್ ಕೊಟ್ರೆ ನಾನು ಬರ್ಕೊಳ್ಳಲೇಬೇಕು.”

ಹುಡುಗಿ ಬೆಂಚಿನ ಮೇಲೆ ಕುಳಿತಿದ್ದಳು. ದಾಕ್ಷಾಯಿಣಿ ಅವಳ ಎದುರು ಹೋಗಿ ಕೈಮುಗಿದಳು. ಹುಡುಗಿ ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಹೆಣಗುತ್ತಿದ್ದಳು. ದಾಕ್ಷಾಯಿಣಿ ಬಾಟಲಿ ತೆಗೆದುಕೊಂಡು ಮುಚ್ಚಳ ತೆರೆದುಕೊಟ್ಟಳು. ಹುಡುಗಿ ಕುಡಿದಳು. “ಕಂಪ್ಲೇಂಟ್ ಬೇಡ,” ಎಂದಳು ಪೊಲೀಸಿಗೆ. ದಾಕ್ಷಾಯಿಣಿಯ ಮುಖ ನೋಡದೆ, “ನಂಗೂ ಅದೊಂದೇ ಬೋಗಿ ಇರೋದು ಆಂಟಿ,” ಎಂದಳು.

ಸಂಜೆ ಸುದ್ದಿ ಕೇಳಿದ ವಿಶ್ವಾರಾಧ್ಯ ಮಗನ ತಲೆಯ ಬುಗುಟು ಸವರಿದ. ಮರುದಿನ ಅಂಗಡಿಗೆ ತಡವಾಗಿ ಬರುವುದಾಗಿ ಹೇಳಿ ಅವರ ಜೊತೆ ಹೊರಟ. “ಅವ್ನು ನನ್ ಜೊತೆ ಬರ್ತಾನೆ ಬಿಡು,” ಎಂದ.

ಅವನು ಬರಲಿಲ್ಲ. ರೈಲಿನ ಇನ್ನೊಂದು ತುದಿಯ ಅಂಗವಿಕಲರ ಬೋಗಿ ನಿಲ್ಲುವ ಕಡೆಗೆ ಅಪ್ಪ ಕೈ ಹಿಡಿದು ನಡೆಸಿದರೆ, ಹುಡುಗ ನಾಲ್ಕು ಹೆಜ್ಜೆ ಬಂದು, ಕೊಸರಿಕೊಂಡು ಕಂಬದ ಹತ್ತಿರ ಓಡಿದ. ಎಳೆದರೆ ನೆಲಕ್ಕೆ ಕುಳಿತ. ಎತ್ತಿದರೆ ಮಣಿಕಟ್ಟಿಗೆ ಬಾಯಿ ಹಾಕಿದ. ಮರುದಿನವೂ ಅಷ್ಟೇ. ಒಂದು ದಿನ ತಂದೆತಾಯಿ ಇಬ್ಬರೂ ಸೇರಿ ಹೇಗೋ ಆ ಬೋಗಿಗೆ ನೂಕಿದರು. ಬಾಗಿಲು ತುಂಬ ಕೈಕಾಲು ಗಟ್ಟಿಯಿರುವವರೇ ನಿಂತಿದ್ದರು. ರೈಲು ಹೊರಟ ಕೂಡಲೇ ಹುಡುಗ ಕೂಗಿಕೊಂಡು ಬಾಗಿಲಿನತ್ತ ನುಗ್ಗಿದ. ಅಪ್ಪ ಅವನನ್ನು ಸೊಂಟಕ್ಕೆ ತಬ್ಬಿ ಹಿಡಿದ. ಅಂಗಿಯ ತೋಳು ಹರಿಯಿತು.

“ಇಂಥವ್ರನ್ನ ಮನೇಲಿ ಇಟ್ಕೊಳ್ಳಿ ಸಾರ್,” ಎಂದ ಒಬ್ಬ.

“ಮನೇಲಿ ಇಟ್ಕೊಳ್ಳೋದಕ್ಕಾಗಿ ಇದನ್ನ ಮಾಡಿದ್ದಾರಾ?” ಎಂದು ಬೋಗಿಯ ಗೋಡೆಯ ಮೇಲಿನ ಗಾಲಿಕುರ್ಚಿಯ ಚಿತ್ರ ತೋರಿಸಿದ ವಿಶ್ವಾರಾಧ್ಯ. ಸೈದಾಪೇಟೆಯಲ್ಲಿ ಇಳಿದು ಮೂವರೂ ಬೆಂಚಿನ ಮೇಲೆ ಕುಳಿತರು. ತಂದೆ ತನ್ನ ಹರಿದ ತೋಳನ್ನು ಮಡಿಸಿ ಮುಚ್ಚಿಕೊಂಡ. ಹುಡುಗ ಆ ಹರಿದ ಬಟ್ಟೆಯ ಎಳೆ ಹಿಡಿದು ಉಜ್ಜುತ್ತ ಶಾಂತನಾದ.

“ಸಿಟ್ಟು ಬಂತೇನ್ರಿ?”

“ಯಾರ ಮ್ಯಾಲೆ ಅಂತ ಸಿಟ್ಟು ಮಾಡ್ಕಳ್ಳಿ, ದಾಕ್ಷಿ?”

ಬೇರೆ ಸ್ಟೇಷನ್ನಿನಿಂದ ಹತ್ತಿಸಿ ನೋಡಿದರು. ಕೋಡಂಬಾಕ್ಕಂನಲ್ಲಿ ಕಂಬ ಬೇರೆಯಾದರೂ ಬೋಗಿಯ ಮೇಲಿನ ಹೆಂಗಸಿನ ಚಿತ್ರ ಅದೇ ಇತ್ತು. ಹುಡುಗ ಪ್ಲಾಟ್‌ಫಾರಂ ಉದ್ದಕ್ಕೂ ಓಡಿ ಅದನ್ನು ಹುಡುಕಿಕೊಂಡ. ಆಟೋದಲ್ಲಿ ಕೂರಿಸಿದರೆ ಸಿಗ್ನಲ್ಲಿನಲ್ಲಿ ಕಾಲು ಹೊರಗೆ ಹಾಕಿ ಇಳಿದುಬಿಟ್ಟ. ಹಿಂದಿನ ಬೈಕು ಕೂದಲೆಳೆಯಲ್ಲಿ ತಪ್ಪಿತು. ಬಸ್ಸಿನ ಹಾರನ್ನಿಗೆ ಅವನು ಮೊದಲಿಂದಲೂ ಕಿವಿ ಮುಚ್ಚಿಕೊಂಡು ಕಿರುಚುವವನೇ.

ಜ್ಯೋತಿ ಮಿಸ್ ಫೋನಿನಲ್ಲಿ ಹೇಳಿದಳು, “ಬಿಡಿಸ್ಬಹುದು ಆಂಟಿ. ಆದ್ರೆ ಕಲಿಸೋಕೆ ಹಿಡಿದಷ್ಟೇ ಟೈಮ್ ಹಿಡಿಯತ್ತೆ. ಇನ್ನೂ ಜಾಸ್ತಿನೂ ಆಗ್ಬಹುದು.”

“ಅಲ್ಲೀತನ ಅವ್ನ ಸೀಟು?”

“ಮ್ಯಾನೇಜ್‌ಮೆಂಟ್ ತಿಂಗಳ ಕೊನೆ ತನಕ ನೋಡ್ತಾರೆ. ವೇಟಿಂಗಲ್ಲಿ ಒಂದು ಚಿಕ್ಕ ಮಗು ಇದೆ ಆಂಟಿ. ಅವ್ರಮ್ಮ ವಾರ ವಾರ ಬಂದು ಕೇಳ್ತಾರೆ. ರಾಯಪುರಂನಿಂದ ಬರ್ತಾರೆ.”

ದಾಕ್ಷಾಯಿಣಿಗೆ ಕೋಪ ಬರಲಿಲ್ಲ. ಹಾಗೆ ವಾರ ವಾರ ಹೋಗಿ ಕೇಳಿದವಳು ಅವಳೂ ಒಬ್ಬಳು. ಆಗ ಯಾವ ತಾಯಿಯ ಮಗನ ಜಾಗ ತೆರವಾಗಿತ್ತು, ಅವನು ಏಕೆ ಬಿಟ್ಟುಹೋದ ಎಂದು ಅವಳು ಕೇಳಿರಲೇ ಇಲ್ಲ.

ಮನೆಯಲ್ಲಿ ಹುಡುಗನ ಮಣಿಕಟ್ಟು ಮತ್ತೆ ಕೆಂಪಾಯಿತು. ಲಕೋಟೆಗೆಂದು ಕೊಟ್ಟ ಪತ್ರಿಕೆಗಳನ್ನು ಹರಿದು ಹಾಕಿದ. ಅಡುಗೆಮನೆಯ ಗೋಡೆಗೆ ತಲೆ ಚಚ್ಚತೊಡಗಿದಾಗ ಅವಳು ಗೋಡೆಗೂ ತಲೆಗೂ ನಡುವೆ ತನ್ನ ಅಂಗೈ ಇಟ್ಟಳು. ಅಂಗೈ ಬಾತುಕೊಂಡಿತು. ಕೆಳಗಿನ ಮನೆಯವರು ಮೆಲ್ಲಗೆ ಬಂದು, ಮಗಳಿಗೆ ಪರೀಕ್ಷೆ ಇದೆ ಎಂದು ಹೇಳಿ, ಹೇಳಿದ್ದಕ್ಕೆ ತಾವೇ ನಾಚಿಕೊಂಡು ಹೋದರು.

ಆಗ ಅಮುದಾ ಮನೆಗೆ ಬಂದಳು. ಕೈಯಲ್ಲಿ ಬಾಳೆಹಣ್ಣು. ಕುಳಿತವಳೇ ಬೈಯತೊಡಗಿದಳು. “ಏನಕ್ಕಾ, ಒಂದು ಹುಡುಗಿ ಕೂಗಿದಳು ಅಂತ ಮನೇಲೇ ಕೂತುಬಿಡೋದಾ? ಹದಿಮೂರು ವರ್ಷ ನಮ್ಮ ಜೊತೆ ಬಂದವನು ತಂಬಿ. ನಾವೆಲ್ಲ ಮಾತಾಡ್ಕೊಂಡಿದ್ದೀವಿ. ಅವನನ್ನ ಆ ಮೂಲೆ ಸೀಟಲ್ಲಿ ಕೂರಿಸಿ ಸುತ್ತ ನಾವು ಕೂರ್ತೀವಿ. ಯಾರು ಕೇಳ್ತಾರೋ ನೋಡೋಣ. ಆ ಪೊಲೀಸಮ್ಮ ಬಂದ್ರೆ ನಾನು ಮಾತಾಡ್ತೀನಿ.”

“ಆ ಹುಡುಗಿ?”

“ಅವಳ ಚಿಂತೆ ಬೇಡ. ಅವಳು ಈಗ ನಮ್ಮ ಬೋಗಿಗೆ ಬರೋದೇ ಇಲ್ಲ.”

ದಾಕ್ಷಾಯಿಣಿಯ ಎದೆಯ ಮೇಲಿಂದ ಏನೋ ಇಳಿದ ಹಾಗಾಯಿತು. ಅಮುದಾಳ ಎರಡೂ ಕೈ ಹಿಡಿದುಕೊಂಡಳು. ಆ ಮಧ್ಯಾಹ್ನ ಅವಳು ಜ್ಯೋತಿ ಮಿಸ್‌ಗೆ ಫೋನು ಮಾಡಿ, ಸೋಮವಾರದಿಂದ ಬರುತ್ತೇವೆ ಎಂದಳು. ಬೆಕ್ಕಿನ ಟೀಶರ್ಟನ್ನು ಮಡಿಸಿ ಒಳಗಿಟ್ಟು, ಮಗನಿಗೆ ಅಪ್ಪನ ಒಂದು ಬಿಳಿ ಅಂಗಿಯನ್ನು ಅಳತೆಗೆ ಹೊಲಿದಳು.

ಸೋಮವಾರ ಹುಡುಗ ಮೆಟ್ಟಿಲುಗಳನ್ನು ಎರಡೆರಡು ಹಾರಿ ಇಳಿದ. ಕಂಬದ ಹತ್ತಿರ ನೆಟ್ಟಗೆ ನಿಂತು, ಕಂಬಿಗಳ ಕಡೆ ನೋಡುತ್ತ ಹಿಮ್ಮಡಿಯ ಮೇಲೆ ತೂಗತೊಡಗಿದ. ಸಂತೋಷವಾದರೆ ಅವನು ಹಾಗೆ ಮಾಡುತ್ತಾನೆ. ದೂರದಲ್ಲಿ ರೈಲು ಕಾಣಿಸಿತು. ಜನ ಮುಂದೆ ಸರಿದರು. ದಾಕ್ಷಾಯಿಣಿ ಚೀಲ ಭುಜಕ್ಕೇರಿಸಿ ಅತ್ತಿತ್ತ ನೋಡಿದಳು.

ಆ ಹುಡುಗಿ ಅಲ್ಲೇ ಇದ್ದಳು. ಲೇಡೀಸ್ ಬೋಗಿಯ ಪಕ್ಕದ ಸಾಮಾನ್ಯ ಬೋಗಿ ನಿಲ್ಲುವ ಕಡೆ, ಗಂಡಸರ ಗುಂಪಿನ ಹಿಂದೆ. ದುಪಟ್ಟಾವನ್ನು ಎದೆಗೆ ಅಡ್ಡವಾಗಿ ತಂದು ಸೊಂಟದ ಹತ್ತಿರ ಗಂಟು ಹಾಕಿಕೊಂಡಿದ್ದಳು. ಬ್ಯಾಗನ್ನು ಬೆನ್ನಿನಿಂದ ತೆಗೆದು ಮುಂದಕ್ಕೆ ಹಾಕಿಕೊಂಡಿದ್ದಳು. ಕಿವಿಯಲ್ಲಿ ಇಯರ್‌ಫೋನು ಇರಲಿಲ್ಲ. ರೈಲು ನಿಂತಿತು. ಗುಂಪು ಬಾಗಿಲಿಗೆ ನುಗ್ಗಿತು. ಹುಡುಗಿ ಒಂದು ಕೈಯಿಂದ ಕಂಬಿ ಹಿಡಿದು, ಇನ್ನೊಂದು ಮೊಣಕೈಯನ್ನು ಹೊರಗೆ ಚಾಚಿ, ಅವರ ನಡುವೆ ತನಗೊಂದು ಜಾಗ ಮಾಡಿಕೊಳ್ಳಲು ಹೆಣಗುತ್ತ ಒಳಗೆ ಸೇರಿಹೋದಳು. ಚಾಚಿದ ಆ ಮೊಣಕೈ ಹೇಗಿರುತ್ತದೆಂದು ದಾಕ್ಷಾಯಿಣಿಗೆ ಗೊತ್ತಿತ್ತು. ಮದುವೆಗೆ ಮುಂಚೆ ಹರಿಹರದಿಂದ ದಾವಣಗೆರೆಗೆ ಕಾಲೇಜಿಗೆ ಹೋಗುವಾಗ ಬಸ್ಸಿನಲ್ಲಿ ಅವಳದೂ ಹಾಗೆಯೇ ಇರುತ್ತಿತ್ತು.

ಇತ್ತ ಲೇಡೀಸ್ ಬೋಗಿಯ ಬಾಗಿಲಲ್ಲಿ ಅಮುದಾ ಬಗ್ಗಿ ಕೈ ಚಾಚಿದ್ದಳು. “ವಾ ತಂಬಿ, ವಾ! ಅಕ್ಕಾ, ಹತ್ತಿಸು ಬೇಗ!”

ಹುಡುಗ ಒಂದು ಕಾಲು ಮುಂದಿಟ್ಟ. ದಾಕ್ಷಾಯಿಣಿ ಅವನ ತೋಳು ಹಿಡಿದಳು.

ಹಿಡಿಯಬೇಕೆಂದು ಅವಳು ಯೋಚಿಸಿರಲಿಲ್ಲ. ಕೈ ಹಿಡಿದುಬಿಟ್ಟಿತ್ತು. ಅವನು ತಿರುಗಿ ಅವಳ ಕೈ ನೋಡಿದ. ಅವಳ ಮುಖವನ್ನು ಅವನು ಎಂದೂ ನೋಡುವುದಿಲ್ಲ. ಬಾಗಿಲು ಎದುರಿಗಿದೆ, ಚಿತ್ರ ಅದೇ ಇದೆ, ಕಂಬ ಅದೇ ಇದೆ, ಅವನು ಎಲ್ಲವನ್ನೂ ಸರಿಯಾಗಿ ಮಾಡಿದ್ದಾನೆ. ಏನು ತಪ್ಪಾಯಿತೆಂದು ಅವನಿಗೆ ತಿಳಿಯುವ ಬಗೆಯೇ ಇರಲಿಲ್ಲ.

“ಅಕ್ಕಾ!” ಅಮುದಾ ಕೂಗಿದಳು. ರೈಲು ಹೊರಟಿತು.

ಹುಡುಗ ಕೂಗಿದ. ಅವಳನ್ನು ಹೊಡೆದ, ಭುಜಕ್ಕೆ, ಕೆನ್ನೆಗೆ, ಮತ್ತೆ ಭುಜಕ್ಕೆ. ಅವಳು ತೋಳು ಬಿಡಲಿಲ್ಲ. ಕೊನೆಯ ಬೋಗಿ ದಾಟಿಹೋದ ಮೇಲೆ ಅವನು ಕಂಬಕ್ಕೆ ಒರಗಿ ಕೆಳಗೆ ಕುಳಿತ. ಅವಳೂ ಪಕ್ಕದಲ್ಲಿ ಕುಳಿತಳು. ಟೀ ಮಾರುವವನೊಬ್ಬ ಹತ್ತಿರ ಬಂದು, ನೋಡಿ, ಮುಂದೆ ಹೋದ.

ಸಂಜೆ ಅವಳು ಜ್ಯೋತಿ ಮಿಸ್‌ಗೆ ಫೋನು ಮಾಡಿದಳು. “ಆ ರಾಯಪುರಂನವ್ರಿಗೆ ಹೇಳಿಬಿಡಮ್ಮಾ, ಸೀಟು ಐತೆ ಅಂತ.”

“ಆಂಟಿ, ತಿಂಗಳ ಕೊನೆಗೆ ಇನ್ನೂ ಟೈಮ್ ಇದೆ...”

“ಹೇಳಿಬಿಡು. ಮಗು ಗಂಡೋ ಹೆಣ್ಣೋ?”

“ಗಂಡು.”

ಲೇಡೀಸ್ ಬೋಗಿ ಕಲಿಸಬೇಡ ಅಂತ ಅವಳಿಗೆ ಹೇಳು ಎನ್ನಹೊರಟು ದಾಕ್ಷಾಯಿಣಿ ತಡೆದುಕೊಂಡಳು. ಆ ತಾಯಿ ಒಬ್ಬಳೇ ಬರುವವಳಾದರೆ, ಪುಟ್ಟ ಮಗುವನ್ನು ಎತ್ತಿಕೊಂಡು ಅವಳು ಬೇರೆ ಯಾವ ಬೋಗಿಗೆ ತಾನೇ ಹತ್ತಿಯಾಳು? “ಆಯ್ತು, ಇಡ್ತೀನಿ,” ಎಂದಳು.

ರಾತ್ರಿ ಊಟಕ್ಕೆ ಕುಳಿತಾಗ ಅವಳು ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಕೇಳಿದ, “ಒಂದಿನ ಹತ್ಸಿ ನೋಡ್ಬೋದಿತ್ತಲ್ಲ?”

“ನೋಡ್ಬೋದಿತ್ತು.”

ಅವನು ಅವಳ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದ.

ಮರುದಿನ ಬೆಳಿಗ್ಗೆ ಹುಡುಗ ಎಂದಿನಂತೆ ಚಪ್ಪಲಿ ಮೆಟ್ಟಿಕೊಂಡು, ಬ್ಯಾಗು ಹಾಕಿಕೊಂಡು ಬಾಗಿಲ ಎದುರು ನಿಂತ. ವಿಶ್ವಾರಾಧ್ಯ ಅಂಗಡಿಗೆ ಹೋಗಲು ಸಿದ್ಧನಾಗಿದ್ದವನು ಅದನ್ನು ನೋಡಿ, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಲುಂಗಿ ಸುತ್ತಿಕೊಂಡು ಬಂದು ಕುರ್ಚಿಯಲ್ಲಿ ಕುಳಿತ.

“ಯಾಕ್ರಿ?”

“ನಾನು ಲುಂಗೀಲಿ ಮನೇಲಿದ್ರೆ ಭಾನುವಾರ ಅಂತ ಅವ್ನ ಲೆಕ್ಕ. ಭಾನುವಾರ ಅವ್ನು ಹೊರಡಲ್ಲ.”

ನಿಜವೇ. ಹುಡುಗ ಅಪ್ಪನ ಲುಂಗಿಯನ್ನು ನೋಡಿದ. ಸ್ವಲ್ಪ ಹೊತ್ತು ನಿಂತಿದ್ದು, ಬ್ಯಾಗು ತೆಗೆದು ಮೂಲೆಯಲ್ಲಿಟ್ಟ. ದಾಕ್ಷಾಯಿಣಿ ಅವಸರದಿಂದ ಭಾನುವಾರವನ್ನು ಹೊಂದಿಸತೊಡಗಿದಳು. ನೀರು ಕಾಯಲಿಟ್ಟಳು. ಮಗನ ತಲೆಗೆ ಎಣ್ಣೆ ತಿಕ್ಕಿದಳು. ತಿಂಡಿಗೆ ತಾಲಿಪಟ್ಟು ತಟ್ಟಿದಳು. ವಿಶ್ವಾರಾಧ್ಯ ಟಿವಿ ಹಚ್ಚಿ ಅದರ ದನಿ ಏರಿಸಿದ. ಅಂಗಡಿಯಿಂದ ಬಂದ ಎರಡು ಫೋನುಗಳನ್ನು ಬಚ್ಚಲಿನಲ್ಲಿ ನಿಂತು, ಪಿಸುದನಿಯಲ್ಲಿ ಮಾತಾಡಿ ಬಂದ. ಹುಡುಗ ಅಪ್ಪನ ಪಕ್ಕ ಕುಳಿತು ಲುಂಗಿಯ ಅಂಚನ್ನು ಬೆರಳಿನಲ್ಲಿ ಉಜ್ಜುತ್ತಿದ್ದ. ಆ ದಿನ ಅವನು ಮಣಿಕಟ್ಟು ಕಚ್ಚಿಕೊಳ್ಳಲಿಲ್ಲ.

ಮಧ್ಯಾಹ್ನ ಅವನು ಮಲಗಿದ ಮೇಲೆ ದಾಕ್ಷಾಯಿಣಿ ಬಾಗಿಲ ಹತ್ತಿರ ಕುಳಿತು, “ನಾಳೆ?” ಎಂದಳು.

“ನಾಳೆ ಹೊಸ ಮಾಲು ಬರ್ತೈತೆ. ಹೋಗ್ಲೇಬೇಕು.”

“ಹೂಂ.”

“ಲುಂಗಿ ಉಟ್ಕಂಡೇ ಕೆಳಗಿಳಿದು, ಅಲ್ಲೆಲ್ಲಾದ್ರೂ ಪ್ಯಾಂಟ್ ಹಾಕ್ಕಳ್ಳೇನು?” ಎಂದು ಅವನು ನಗಲು ನೋಡಿದ.

ಅವಳೂ ನಗಲು ನೋಡಿದಳು. “ನೀವು ಇಲ್ದೇ ಇರೋದು ಗೊತ್ತಾಗಲ್ವೇನ್ರಿ ಅವ್ನಿಗೆ?”

“ಗೊತ್ತಾಗತ್ತೆ,” ಎಂದ ವಿಶ್ವಾರಾಧ್ಯ.

ಒಳಗೆ ಹುಡುಗ ಮಗ್ಗುಲು ಬದಲಿಸಿದ ಸದ್ದಾಯಿತು. ಇಬ್ಬರೂ ಮಾತು ನಿಲ್ಲಿಸಿ, ಅವನು ಎದ್ದನೋ ಏನೋ ಎಂದು ಆಲಿಸುತ್ತ ಕುಳಿತರು.